ಮುಷ್ಟಿ ಎತ್ತುವ ಗೊಂಬೆಯ ಬೆಲೆ

ಅಮೆರಿಕೆಯ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿದ್ದ ಕೆನ್ನರ್ ಎಂಬ ಆಟಿಕೆಯ ಸಂಸ್ಥೆಯು 1984ರಲ್ಲಿ 'ಸೂಪರ್ ಪವರ್ಸ್ ಕಲೆಕ್ಷನ್' ಎಂಬ ಹೆಸರಿನಿಂದ ಸಾಹಸವೀರರ ಗೊಂಬೆಗಳ ಮಾಲೆಯೊಂದನ್ನು ಹೊರತಂದಿತು. ಡಿಸಿ ಕಾಮಿಕ್ಸ್ ಪ್ರಕಾಶನದ ಚಿತ್ರಕಥೆಗಳ ವೀರರೂ ಖಳರೂ ಅದರಲ್ಲಿದ್ದರು. ಮೂರು ಕಂತುಗಳಲ್ಲಿ ಬಂದು 1986ರಲ್ಲಿ ನಿಂತುಹೋದ ಈ ಮಾಲೆಯ ಗೊಂಬೆಗಳು ಈಗ ಮಕ್ಕಳ ಕೈಬಿಟ್ಟು ಹಿರಿಯರ ಗಾಜಿನ ಕಪಾಟುಗಳನ್ನು ಸೇರಿವೆ; ಹರಾಜಿನ ಸರಕಾಗಿವೆ. ಸರಕೆಂದ ಮೇಲೆ ಮೌಲ್ಯಮಾಪನ ಬೇಕು. ಆ ಮೌಲ್ಯಮಾಪನವು ಯಾವುದನ್ನು ತೂಗುತ್ತದೆ, ಯಾವುದನ್ನು ತಕ್ಕಡಿಗೆ ಹಾಕದೆಯೇ ಬಿಡುತ್ತದೆ ಎಂಬುದನ್ನು ಮಾಲೆಯ ಮೊದಲ ವರ್ಷದ ಸೂಪರ್‌ಮ್ಯಾನ್ ಗೊಂಬೆಯನ್ನು ಮುಂದಿರಿಸಿಕೊಂಡು ಪರೀಕ್ಷಿಸಬಹುದು.

ಮೊದಲು ಗೊಂಬೆಯ ಗುಣ. ಸುಮಾರು ಐದು ಅಂಗುಲ ಎತ್ತರದ ಪ್ಲಾಸ್ಟಿಕ್ ಶರೀರ, ಬೆನ್ನಿಗೆ ಕೆಂಪು ಬಟ್ಟೆಯ ಮೇಲುಹೊದಿಕೆ. ಹೋಸೆ ಲೂಯಿಸ್ ಗಾರ್ಸಿಯಾ-ಲೋಪೆಜ್ ಎಂಬ ಚಿತ್ರಕಾರರು 1982ರಲ್ಲಿ ಡಿಸಿ ಸಂಸ್ಥೆಗಾಗಿ ಬರೆದುಕೊಟ್ಟ ಮಾದರಿ ಚಿತ್ರಗಳ ಸೌಷ್ಠವವು ಈ ಮಾಲೆಯಲ್ಲೆಲ್ಲ ಎದ್ದು ಕಾಣುತ್ತದೆ. ಮುಖದಲ್ಲಿ ಕ್ರೌರ್ಯವಿಲ್ಲ, ಮೈಕಟ್ಟಿನಲ್ಲಿ ಅತಿರೇಕವಿಲ್ಲ. ನಂತರದ ದಶಕಗಳಲ್ಲಿ ಬಂದ, ಹಲ್ಲು ಕಚ್ಚಿದ ಮುಖಗಳ, ಉಬ್ಬಿ ಬಿರಿಯುವ ಸ್ನಾಯುಗಳ ಅನೇಕ ಗೊಂಬೆಗಳಿಗಿಂತ ಇದು ಸಭ್ಯವಾದುದೆಂದು ನಿಸ್ಸಂಕೋಚವಾಗಿ ಹೇಳಬಹುದು.

ಆದರೆ ಈ ಮಾಲೆ ಹೆಸರಾದದ್ದು ಒಳಗಿನ ಯಂತ್ರದಿಂದ. ಸೂಪರ್‌ಮ್ಯಾನ್‌ನ ಎರಡು ಕಾಲುಗಳನ್ನು ಒಟ್ಟಿಗೆ ಅದುಮಿದರೆ ತೋಳುಗಳು ಗುದ್ದುತ್ತವೆ. ನೀರಿನ ವೀರನಾದ ಅಕ್ವಾಮ್ಯಾನ್‌ನ ತೋಳುಗಳನ್ನು ಅದುಮಿದರೆ ಕಾಲುಗಳು ಬಡಿಯುತ್ತವೆ. ಈಜುವವನಿಗೆ ಅದು ಸಹಜವೇ. ಸೂಪರ್‌ಮ್ಯಾನ್ ಮಾತ್ರ ಕಥೆಗಳಲ್ಲಿ ಹಾರುತ್ತಾನೆ, ಭಾರ ಎತ್ತುತ್ತಾನೆ, ಬೀಳುವವರನ್ನು ಹಿಡಿಯುತ್ತಾನೆ. ಇಷ್ಟೆಲ್ಲದರಲ್ಲಿ ಯಂತ್ರಕ್ಕೆ ಆಯ್ಕೆಯಾದದ್ದು ಗುದ್ದು. ತಯಾರಕರಿಗೆ ಅದು ಸುಲಭವಾಗಿದ್ದಿರಬಹುದು. ಆದರೂ ರಕ್ಷಕನೆಂದು ಪ್ರಸಿದ್ಧನಾದವನಿಗೆ ಪ್ರಹಾರವೊಂದನ್ನೇ ಕಲಿಸಿದ್ದು ಈ ಗೊಂಬೆಯ ದೊಡ್ಡ ಕೊರತೆ. ಅದೇ ಸ್ಪ್ರಿಂಗಿನಿಂದ ಎರಡು ಕೈಗಳನ್ನೂ ಮೇಲಕ್ಕೆತ್ತಿಸಿದ್ದರೆ ಮಗುವಿನ ಕೈಯಲ್ಲಿ ಅದು ಭಾರವನ್ನು ಹೊರುತ್ತಿತ್ತು.

ಇನ್ನು ಮಾರುಕಟ್ಟೆಯ ತೂಕ. ಸಂಗ್ರಾಹಕರು ಮೊದಲು ನೋಡುವುದು ಗೊಂಬೆಯನ್ನಲ್ಲ, ಅದನ್ನು ಅಂಟಿಸಿದ ರಟ್ಟನ್ನು. ರಟ್ಟಿನ ಮೂಲೆ ಮಡಿಚಿದೆಯೆ, ಪಾರದರ್ಶಕ ಹೊದಿಕೆ ಹಳದಿಯಾಗಿದೆಯೆ, ಅಂಗಡಿಯ ಕೊಂಡಿಗೆ ತೂಗುಹಾಕುವ ರಂಧ್ರದ ಚೂರು ಕಳಚದೆ ಉಳಿದಿದೆಯೆ ಎಂದು ಪರೀಕ್ಷಿಸುತ್ತಾರೆ. ಎಂದೂ ಕೊಂಡಿಗೇರದ ರಟ್ಟಿಗೆ ಹೆಚ್ಚಿನ ಮಾನ. ಆಕ್ಷನ್ ಫಿಗರ್ ಅಥಾರಿಟಿಯಂಥ ಸಂಸ್ಥೆಗಳು ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು, ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಹಿಂದಿರುಗಿಸುತ್ತವೆ. ಇಲ್ಲೊಂದು ವಿಚಿತ್ರವಿದೆ. ಯಾವ ಯಂತ್ರಕ್ಕಾಗಿ ಗೊಂಬೆ ಪ್ರಸಿದ್ಧವೋ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಮುದ್ರೆ ಒಡೆಯದೆ ತಿಳಿಯಲಾಗದು. ಒಡೆದರೆ ಬೆಲೆ ಬಿತ್ತು. ಸೀರೆಯನ್ನು ಬಿಚ್ಚಿ ನೋಡದೆ ಪೆಟ್ಟಿಗೆಯ ಕಾಗದ ನೋಡಿ ದರ ಕಟ್ಟುವ ಜವಳಿ ವ್ಯಾಪಾರಿ ಎಷ್ಟು ದಿನ ಅಂಗಡಿ ನಡೆಸಿಯಾನು? ಇಂಥಲ್ಲಿ ಪರಿಗ್ರಹವು ವಸ್ತುವಿನ ಮೇಲಿದೆ ಎನ್ನುವುದೂ ಕಷ್ಟ, ಅದು ಹೊದಿಕೆಯ ಮೇಲಿದೆ.

ಬಿಡಿ ಗೊಂಬೆಯ ಪರೀಕ್ಷೆ ಇದಕ್ಕಿಂತ ಪ್ರಾಮಾಣಿಕವಾದುದು. ಕಾಲು ಅದುಮಿ ನೋಡಬಹುದು, ಕೀಲುಗಳ ಬಿಗಿಯನ್ನು ಅಳೆಯಬಹುದು, ಎದೆಯ ಲಾಂಛನದ ಬಣ್ಣ ಸವೆದಿದೆಯೆ ಎಂದು ಕಾಣಬಹುದು. ಅಲ್ಲಿನ ಅಪಾಯ ಬೇರೆ. ಕಳೆದುಹೋದ ಮೇಲುಹೊದಿಕೆ, ಆಯುಧ ಮೊದಲಾದವುಗಳ ಅನುಕರಣೆಗಳು ಮಾರಾಟಕ್ಕೆ ಸಿಗುತ್ತವೆ. ಹೊಸದೆಂದು ಹೇಳಿ ಮಾರಿದರೆ ದೋಷವಿಲ್ಲ. ಹೇಳದೆ ತೊಡಿಸಿ ಮೂಲದ್ದೆಂದು ಮಾರಿದರೆ, ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ 'ಪ್ರತಿರೂಪಕ ವ್ಯವಹಾರ'ಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಬೇಕಿಲ್ಲ.

ಅಂಕ ಕೊಡುವವರು ತೆರೆಯದ ಲೆಕ್ಕದ ಪುಟವೊಂದು ಉಳಿದಿದೆ. ಈ ವೀರನನ್ನು ಕಲ್ಪಿಸಿದವರು ಓಹಾಯೋ ರಾಜ್ಯದವರೇ, ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರು. 1938ರಲ್ಲಿ ಅವರು ಸರ್ವಹಕ್ಕುಗಳನ್ನೂ 130 ಡಾಲರಿಗೆ ಬರೆದುಕೊಟ್ಟರು. ಪತ್ರ ಕ್ರಮಬದ್ಧವಾಗಿತ್ತು, ಹಣ ಸಂದಾಯವಾಗಿತ್ತು. ಲೆಕ್ಕಪರಿಶೋಧಕನು ಆಕ್ಷೇಪಿಸಲು ಏನೂ ಇರಲಿಲ್ಲ. ಆದರೆ ಮಾರುವವರಿಗೆ ತಾವು ಮಾರುವುದರ ಬೆಲೆ ತಿಳಿದಿರಲಿಲ್ಲ. ಬಹಿರಂಗ ಹೋರಾಟದ ಬಳಿಕ 1975ರಲ್ಲಿ ಪ್ರಕಾಶನದ ಒಡೆತನ ಹೊಂದಿದ್ದ ವಾರ್ನರ್ ಸಂಸ್ಥೆಯು ಇಬ್ಬರಿಗೂ ವರ್ಷಕ್ಕೆ 20,000 ಡಾಲರುಗಳ ವೇತನವನ್ನು ಒಪ್ಪಿ, ಅವರ ಹೆಸರುಗಳನ್ನು ಮತ್ತೆ ಅಚ್ಚು ಹಾಕಿಸಿತು. ಆ 130 ಡಾಲರುಗಳೂ ಸೇರಿದ್ದ 412 ಡಾಲರಿನ ಹಳೆಯ ಚೆಕ್ಕು 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ಕೃತಿಕಾರರನ್ನು ಮುಟ್ಟದ ಹಣವು ರಶೀದಿಯನ್ನು ಹುಡುಕಿಕೊಂಡು ಬಂದಂತಾಯಿತು. ಅಷ್ಟರಲ್ಲಿ ಶುಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ತೀರಿಕೊಂಡಿದ್ದರು.

ಇದೇ ಮಾಲೆಯ 1985ರ ಕಂತಿನಲ್ಲಿ ಡಾರ್ಕ್‌ಸೈಡ್ ಎಂಬ ಖಳನ ಗೊಂಬೆ ಬಂದಿತು. ಅವನನ್ನು 1970ರಲ್ಲಿ ಸೃಷ್ಟಿಸಿದವರು ಜ್ಯಾಕ್ ಕರ್ಬಿ. ಹಳೆಯ ಕರಾರಿನಂತೆ ಅವರಿಗೆ ಗೊಂಬೆಗಳಿಂದ ಏನೂ ಸಲ್ಲಬೇಕಾಗಿರಲಿಲ್ಲ. ಆಗ ಡಿಸಿ ಸಂಸ್ಥೆಯು, ಗೊಂಬೆಗಳಿಗಾಗಿ ಆ ಪಾತ್ರಗಳ ರೂಪವನ್ನು ಹೊಸದಾಗಿ ಬರೆದುಕೊಡುವಂತೆ ಅವರನ್ನೇ ಕೇಳಿತು. ಹೊಸ ಕೆಲಸವೆಂದಾದ ಮೇಲೆ ಹೊಸ ಷರತ್ತು, ಮಾರಾಟದಲ್ಲಿ ಪಾಲು. ಕಾನೂನಿನ ಅಕ್ಷರ ಒತ್ತಾಯಿಸದಿದ್ದ ಬಾಕಿಯನ್ನು ತೀರಿಸಲು ಒಂದು ವ್ಯಾಪಾರಿ ಸಂಸ್ಥೆ ತಾನೇ ದಾರಿ ಹುಡುಕಿದ ಇಂಥ ಪ್ರಸಂಗಗಳು ವಿರಳ. ಗೊಂಬೆಯಾಗಿ ಡಾರ್ಕ್‌ಸೈಡ್ ಸುಂದರನಲ್ಲ. ತಲೆಯ ಮೂಲಕ ಬೆಳಕು ಹಾಯ್ದಾಗ ಕಣ್ಣು ಕೆಂಪಗೆ ಹೊಳೆಯುವ ಉಪಾಯವಿದೆ, ಅದು ಜಾಣತನದ್ದು. ಆದರೂ ಒಂದು ಕಪಾಟಿನಲ್ಲಿ ಒಂದೇ ಗೊಂಬೆಗೆ ಸ್ಥಳವಿದ್ದರೆ, ವೀರನನ್ನು ಬಿಟ್ಟು ಖಳನನ್ನೇ ಇಡುವುದು ಉಚಿತ. ಅವನು ಅಂಗಡಿಗೆ ಬಂದದ್ದು ಸಾಲ ತೀರಿಸಿಕೊಂಡು.

ಮಾಲೆಯ ಮತ್ತೊಂದು ಗೊಂಬೆಯನ್ನು ಇಲ್ಲಿ ನೆನೆಯಬೇಕು. ಸೂಪರ್‌ಮ್ಯಾನ್‌ನ ಸಾಮಾನ್ಯ ವೇಷವಾದ, ಕನ್ನಡಕ ಧರಿಸಿದ ಪತ್ರಕರ್ತ ಕ್ಲಾರ್ಕ್ ಕೆಂಟ್ ಅಂಗಡಿಗಳಲ್ಲಿ ಮಾರಾಟಕ್ಕಿರಲಿಲ್ಲ. ಇತರ ಗೊಂಬೆಗಳ ರಟ್ಟಿನಿಂದ ಖರೀದಿಯ ಗುರುತುಗಳನ್ನು ಕತ್ತರಿಸಿ ಅಂಚೆಯಲ್ಲಿ ಕಳುಹಿಸಿದವರಿಗೆ ಮಾತ್ರ ಅವನು ದೊರೆಯುತ್ತಿದ್ದ. ಅಂದು ರಟ್ಟಿಗೆ ಕತ್ತರಿ ಹಾಕಿದ ಮಕ್ಕಳ ಬಳಿ ಇಂದು ಅಂಕ ಪಡೆಯಬಲ್ಲ ಹೊದಿಕೆ ಒಂದೂ ಇಲ್ಲ. ಕ್ಲಾರ್ಕ್ ಕೆಂಟ್ ಇದ್ದಾನೆ.