ಸಮವಸ್ತ್ರದ ಪ್ರಣಯ: ‘ಹಮ್ ದೋನೋ’

ಯುದ್ಧಕಾಲದ ಸೇನಾಧಿಕಾರಿಯನ್ನು ಪ್ರಣಯನಾಯಕನನ್ನಾಗಿಸಿದ ಹಿಂದೀ ಚಿತ್ರಗಳಲ್ಲಿ ೧೯೬೧ರ ‘ಹಮ್ ದೋನೋ’ ವಿಚಾರಾರ್ಹವಾದುದು. ಅದರ ನಾಯಕ ಆನಂದನು ದೇಶಾಭಿಮಾನದಿಂದ ಸೈನ್ಯವನ್ನು ಸೇರಿದವನಲ್ಲ. ನಿರುದ್ಯೋಗಿಯೆಂದು ಪ್ರೇಯಸಿ ಮೀತಾಳ ಸಿರಿವಂತ ತಂದೆಯಿಂದ ಅವಮಾನಿತನಾಗಿ ಸೇರಿದವನು. ಎರಡನೆಯ ಮಹಾಯುದ್ಧವು ಅವನಿಗೆ ಮೊದಲು ಒಂದು ನೌಕರಿ. ಅವನ ತಾಯಿಯಾಗಿ ಅಭಿನಯಿಸಿದವರು ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನಿಸ್.

ರಣರಂಗದ ದೃಶ್ಯಗಳು ಸಾಧಾರಣ. ಚಿತ್ರದ ಜೀವವಿರುವುದು ಮನೆಯೊಳಗೆ. ಆನಂದನನ್ನೇ ಹೋಲುವ ಮೇಜರ್ ವರ್ಮ ಯುದ್ಧದಲ್ಲಿ ಕಣ್ಮರೆಯಾಗುತ್ತಾನೆ. ಅವನು ಮಡಿದನೆಂಬ ಸುದ್ದಿಯನ್ನು ತಿಳಿಸಹೋದ ಆನಂದನನ್ನು ವರ್ಮನ ಪತ್ನಿ ರೂಮಾ ಗಂಡನೆಂದೇ ಬರಮಾಡಿಕೊಳ್ಳುತ್ತಾಳೆ. ಆಕೆ ಹೃದ್ರೋಗಿ, ನಿಜವನ್ನು ನುಡಿದರೆ ಪ್ರಾಣಾಪಾಯ. ಎರಡು ಪಾತ್ರಗಳನ್ನೂ ವಹಿಸಿದ ದೇವ್ ಆನಂದರು ವರ್ಮನನ್ನು ಮೀಸೆಯಿಂದ ಬೇರ್ಪಡಿಸಿದರು. ಅದು ವೇಷದ ಕೆಲಸ. ನಟನ ನಿಜವಾದ ಗೆಲುವು, ಪರರ ಮನೆಯಲ್ಲಿ ಗಂಡನಂತೆ ಕುಳಿತೂ ಗಂಡನಾಗದೆ ಉಳಿಯಬೇಕಾದ ಆನಂದನ ಸಂಕೋಚದಲ್ಲಿದೆ.

ಲೋಪವಿರುವುದೂ ಇಲ್ಲಿಯೇ. ರೂಮಾಳದು ಕಥೆಗೆ ಬಲು ಅನುಕೂಲವಾದ ರೋಗ! ಆಕೆ ಏನನ್ನು ತಿಳಿಯಬಹುದು, ಏನನ್ನು ತಿಳಿಯಬಾರದು ಎಂಬುದನ್ನು ಇತರರೇ ನಿರ್ಣಯಿಸುತ್ತಾರೆ. ಕಾಲೊಂದನ್ನು ಕಳೆದುಕೊಂಡು ಮರಳಿದ ವರ್ಮನ ಸಂಶಯಕ್ಕೆ, ಕ್ರೋಧಕ್ಕೆ ಚಿತ್ರವು ಧಾರಾಳವಾಗಿ ಎಡೆಗೊಡುತ್ತದೆ. ವಂಚಿತಳಾದವಳ ಮನಸ್ಸಿಗೆ ಅಷ್ಟು ಎಡೆಯಿಲ್ಲ.

ಆದರೂ ರೂಮಾಳ ಪಾತ್ರದಲ್ಲಿ ನಂದಾ ಅವರು ಇತರ ಸ್ತ್ರೀಯರೊಡನೆ ದೇವರ ಸನ್ನಿಧಿಯಲ್ಲಿ ಸಲ್ಲಿಸುವ ಶಾಂತಿಪ್ರಾರ್ಥನೆಯೊಂದಿದೆ: ಸಾಹಿರರ ರಚನೆ, ಜಯದೇವರ ರಾಗಸಂಯೋಜನೆ, ಲತಾ ಮಂಗೇಶ್ಕರರ ಕಂಠ. ಯುದ್ಧವನ್ನು ಮನೆಯಲ್ಲಿ ಕುಳಿತು ಭರಿಸಿದವರ ದನಿ ಆ ಕೆಲವು ನಿಮಿಷಗಳಲ್ಲಿ ಮಾತ್ರ ಕೇಳುತ್ತದೆ.