ಆಕ್ರಮಣಾಪರಾಧದ ಲಕ್ಷಣ: ಒಂದು ಪರಾಮರ್ಶೆ

1950ನೆಯ ಇಸವಿಯ ಜೂನ್ 25ರ ಭಾನುವಾರ, ಉತ್ತರ ಕೊರಿಯದ ಸೇನೆ ದಕ್ಷಿಣಕ್ಕೆ ನುಗ್ಗಿತೆಂಬ ವರ್ತಮಾನ ಮುಟ್ಟಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತುರ್ತಾಗಿ ಸಭೆ ಸೇರಿದಾಗ, ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರು ಸೀಮೆಯ ಬೆನೆಗಲ್ ನರಸಿಂಗ ರಾಯರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಈ ಮಹನೀಯರನ್ನು ಆ ಕಾರ್ಯಕ್ಕಾಗಿ ನಾವು ಅಷ್ಟಿಷ್ಟು ನೆನೆಯುವುದುಂಟು. ಆದರೆ ಒಂದು ರಾಷ್ಟ್ರವನ್ನು ಆಕ್ರಮಣಕಾರಿಯೆಂದು ಕರೆಯುವ ಅಧಿಕಾರ ಯಾರದು, ಯಾವ ಅಳತೆಗೋಲಿನಿಂದ ಕರೆಯಬೇಕು ಎಂಬ ಪ್ರಶ್ನೆಯನ್ನು ಅವರಷ್ಟು ಹತ್ತಿರದಿಂದ ಎದುರಿಸಿದ ಭಾರತೀಯರು ವಿರಳವೆಂಬುದನ್ನು ಮರೆತೇ ಬಿಟ್ಟಿದ್ದೇವೆ.

ಆ ದಿನದ ನಿರ್ಣಯ ಭಾರತದ್ದೂ ಸೇರಿ ಒಂಬತ್ತು ಮತಗಳಿಂದ ಅಂಗೀಕೃತವಾಯಿತು; ಯುಗೊಸ್ಲಾವಿಯ ತಟಸ್ಥವಾಗಿತ್ತು. ವಿಶ್ವಸಂಸ್ಥೆಯ ಸನ್ನದಿನ 39ನೆಯ ವಿಧಿಯು ಶಾಂತಿಗೆ ಬೆದರಿಕೆ, ಶಾಂತಿಭಂಗ, ಆಕ್ರಮಣ ಎಂಬ ಮೂರು ಪದಗಳನ್ನು ಮಂಡಳಿಯ ಕೈಗಿತ್ತಿದ್ದರೂ, ನಿರ್ಣಯವು ನಡುವಣ ಪದವನ್ನು ಮಾತ್ರ ಆರಿಸಿಕೊಂಡಿತು. ಅಷ್ಟಾದರೂ ಸಾಧ್ಯವಾದುದು ಚೀನದ ಪ್ರಾತಿನಿಧ್ಯದ ಜಗಳದಲ್ಲಿ ಸೋವಿಯತ್ ಪ್ರತಿನಿಧಿ ಮಂಡಳಿಯನ್ನು ಬಹಿಷ್ಕರಿಸಿ ಹೊರಗುಳಿದಿದ್ದುದರಿಂದ. ಒಂದು ಕುರ್ಚಿ ಖಾಲಿಯಿದ್ದ ಕಾರಣಕ್ಕೆ ದೊರೆಯುವ ತೀರ್ಮಾನವನ್ನು ನ್ಯಾಯನಿರ್ಣಯವೆನ್ನಲು ನನಗೆ ಮನಸ್ಸು ಬಾರದು. ಎಂಟು ತಿಂಗಳು ತುಂಬುವ ಮೊದಲೇ, 1951ರ ಫೆಬ್ರವರಿ 1ರಂದು, ಮಹಾಸಭೆಯು 44 ಮತಗಳಿಂದ ಚೀನವು ಕೊರಿಯದಲ್ಲಿ ಆಕ್ರಮಣವೆಸಗಿದೆಯೆಂದು ಸಾರಿತು. ವಿರುದ್ಧ ಬಿದ್ದ ಏಳು ಮತಗಳಲ್ಲಿ ಭಾರತದ್ದೊಂದು. ಕದನವಿರಾಮದ ಸಂಧಾನಕ್ಕಾಗಿ ನೇಮಿತವಾದ ಮೂವರ ಸಮಿತಿಯಲ್ಲಿ ಇರಾನಿನ ಎಂತೆಜಾಮ್ ಮತ್ತು ಕೆನಡದ ಪಿಯರ್ಸನ್ನರೊಡನೆ ದುಡಿದಿದ್ದ ರಾಯರಿಗೆ, ಮಾತುಕತೆಯ ಆಸೆ ಇನ್ನೂ ಉಳಿದಿರುವಾಗ ಎದುರು ಪಕ್ಷದ ಹಣೆಗೆ ಅಪರಾಧಿಯ ಮುದ್ರೆಯೊತ್ತುವುದು ಯುಕ್ತವಾಗಿ ತೋರಲಿಲ್ಲ. ಅವರ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. ಏಕೆಂದರೆ ಆ ಮುದ್ರೆಗೆ ಆಧಾರವಾಗಬೇಕಾದ, ಎಲ್ಲರೂ ಒಪ್ಪಿದ ಲಕ್ಷಣವೊಂದು ಆಗ ಇರಲಿಲ್ಲ.

ನ್ಯೂರೆಂಬರ್ಗಿನ ನ್ಯಾಯಮಂಡಳಿಯು ಆಕ್ರಮಣಯುದ್ಧವನ್ನು ಪರಮೋಚ್ಚ ಅಂತಾರಾಷ್ಟ್ರೀಯ ಅಪರಾಧವೆಂದು ಕರೆಯಿತೇ ಹೊರತು, ಅದರ ಸನ್ನದು ಆಕ್ರಮಣವೆಂದರೇನೆಂದು ಹೇಳಲಿಲ್ಲ. ಟೋಕಿಯೋದ ನ್ಯಾಯಮಂಡಳಿಯಲ್ಲಿ ನ್ಯಾಯಮೂರ್ತಿ ರಾಧಾಬಿನೋದ್ ಪಾಲರು ತಮ್ಮ ಭಿನ್ನಮತದ ತೀರ್ಪಿನಲ್ಲಿ ಚುಚ್ಚಿ ತೋರಿದುದು ಈ ಕೊರತೆಯನ್ನೇ. ಅಂತಾರಾಷ್ಟ್ರೀಯ ಕಾನೂನು ಆಯೋಗದಲ್ಲಿ ರಾಯರ ತರುವಾಯ ಭಾರತದಿಂದ ಸದಸ್ಯರಾದವರೂ ಅವರೇ. 1974ರಲ್ಲಿ ಮಹಾಸಭೆ ಕೊಟ್ಟ ಲಕ್ಷಣವು ಭದ್ರತಾ ಮಂಡಳಿಗೆ ಮಾರ್ಗದರ್ಶನವಷ್ಟೆ. ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ರೋಮ್ ಶಾಸನ ಅಪರಾಧದ ಹೆಸರನ್ನು ಬರೆದು ಅರ್ಥದ ಜಾಗವನ್ನು ಬರಿದಾಗಿ ಬಿಟ್ಟಿತು. 2010ರ ಜೂನಿನಲ್ಲಿ ಕಂಪಾಲಾ ನಗರದಲ್ಲಿ ಆ ಜಾಗ ತುಂಬಿತು.

ನಾನು ವಾಸಿಸುವ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅಲ್ಲಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು, ರೋಮ್ ಶಾಸನದ 8 ಬಿಸ್ ವಿಧಿಯನ್ನು ಕೈಗೆತ್ತಿಕೊಳ್ಳುವ ಮುನ್ನ ರಾಯರ ಆ ಎರಡು ಮತಗಳನ್ನು ಮನಸ್ಸಿಗೆ ತಂದುಕೊಳ್ಳಬೇಕೆಂಬುದು ನನ್ನ ಆಸೆ. ಹಾಗೆ ಮಾಡಿದರೆ ವಿಧಿಯ ಗುಣವೂ ದೋಷವೂ ಒಟ್ಟಿಗೆ ಕಣ್ಣಿಗೆ ಬೀಳುವುವು. ದಂಡಯಾತ್ರೆ, ಬಾಂಬುದಾಳಿ, ಬಂದರುಗಳ ದಿಗ್ಬಂಧನ, ಸಶಸ್ತ್ರ ತಂಡಗಳನ್ನು ಗಡಿಯಾಚೆಗೆ ಕಳುಹಿಸುವುದು ಮೊದಲಾದ ರಾಷ್ಟ್ರಕೃತ್ಯಗಳನ್ನು 1974ರ ನಿರ್ಣಯದಿಂದ ಎತ್ತಿಕೊಂಡು, ಅಂಥ ಕೃತ್ಯವನ್ನು ಯೋಜಿಸಿದ, ಸಿದ್ಧಪಡಿಸಿದ, ಆರಂಭಿಸಿದ ಇಲ್ಲವೆ ನಡೆಸಿದ ವ್ಯಕ್ತಿಯನ್ನು ಅದು ಅಪರಾಧಿಯೆನ್ನುತ್ತದೆ. ಆದರೆ ಆ ವ್ಯಕ್ತಿ ರಾಷ್ಟ್ರದ ರಾಜಕೀಯ ಅಥವಾ ಸೈನಿಕ ಕ್ರಿಯೆಯನ್ನು ಪರಿಣಾಮಕಾರಿಯಾಗಿ ನಿಯಂತ್ರಿಸುವ ಇಲ್ಲವೆ ನಿರ್ದೇಶಿಸುವ ಸ್ಥಾನದಲ್ಲಿರಬೇಕು. ಆಜ್ಞೆಯಂತೆ ನಡೆದ ಬಡ ಸಿಪಾಯಿಯನ್ನು ಯುದ್ಧದ ಮೂಲಾಪರಾಧದಿಂದ ಬಿಟ್ಟು ಆಜ್ಞೆಯಿತ್ತವನನ್ನು ಹಿಡಿಯುವ ಈ ಮಾತು ನನಗೆ ವಿಧಿಯ ಶ್ರೇಷ್ಠಭಾಗವಾಗಿ ಕಾಣುತ್ತದೆ.

ಕೃತ್ಯವು ತನ್ನ ಸ್ವರೂಪ, ಗಾಂಭೀರ್ಯ ಮತ್ತು ಪ್ರಮಾಣಗಳಿಂದ ವಿಶ್ವಸಂಸ್ಥೆಯ ಸನ್ನದಿನ ಸುವ್ಯಕ್ತ ಉಲ್ಲಂಘನೆಯಾಗಿರಬೇಕೆಂಬ ಕಟ್ಟಳೆಯ ವಿಷಯದಲ್ಲಿ ಅಷ್ಟು ಸುಲಭವಾಗಿ ತೀರ್ಮಾನಿಸಲಾಗದು. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಹರಿದು ಬಂದಾಗ, ಈ ಹೊರೆಯೇ ಒಂದು ಬಗೆಯ ಆಕ್ರಮಣವೆಂದು ಭಾರತ ವಾದಿಸಿತು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆರಗಿದುವು. ಬಳಿಕ ನಮ್ಮ ಸೇನೆ ಢಾಕಾ ತಲುಪಿತು. ಇಂಥ ಯುದ್ಧದ ನಾಯಕರನ್ನೂ ದುರಾಶೆಯಿಂದ ನೆರೆನಾಡನ್ನು ನುಂಗಹೊರಟವರನ್ನೂ ಬೇರ್ಪಡಿಸಲು ‘ಸುವ್ಯಕ್ತ’ವೆಂಬ ಆ ವಿಶೇಷಣ ಬೇಕೇ ಬೇಕು. ಬಲಾಢ್ಯರು ಅದರ ಮರೆಯಲ್ಲಿ ನುಸುಳುವರೆಂಬ ಭಯ ನಿಜ. ಆದರೂ ಸಂದಿಗ್ಧವನ್ನು ತೂಗಿ ನೋಡುವುದು ನ್ಯಾಯಾಧೀಶರ ಕೆಲಸವೇ ಆದುದರಿಂದ, ಅಷ್ಟನ್ನು ಅವರಿಗೆ ಬಿಡುವುದು ತಪ್ಪಲ್ಲ.

ಕ್ಷಮಿಸಲಾಗದ ದೋಷವಿರುವುದು ಲಕ್ಷಣದಲ್ಲಲ್ಲ, 15 ಬಿಸ್ ವಿಧಿಯಲ್ಲಿ. ಅಲ್ಲಿಯೂ ಒಂದು ಗೆಲವುಂಟು: ಭದ್ರತಾ ಮಂಡಳಿಯು ಆರು ತಿಂಗಳು ಸುಮ್ಮನಿದ್ದರೆ ನ್ಯಾಯಾಲಯದ ಪೂರ್ವವಿಚಾರಣಾ ವಿಭಾಗವೇ ತನಿಖೆಗೆ ಅನುಮತಿ ನೀಡಬಹುದು, ಖಾಲಿ ಕುರ್ಚಿಯ ದಾಕ್ಷಿಣ್ಯ ಅಷ್ಟರಮಟ್ಟಿಗೆ ತಪ್ಪಿತು. ಆದರೆ ಅದೇ ವಿಧಿಯ ಐದನೆಯ ಖಂಡವು, ಶಾಸನಕ್ಕೆ ಸೇರದ ರಾಷ್ಟ್ರದ ಪ್ರಜೆಗಳು ಈ ಅಪರಾಧವನ್ನೆಸಗಿದರೆ, ಇಲ್ಲವೆ ಆ ರಾಷ್ಟ್ರದ ನೆಲದಲ್ಲಿ ಅದು ನಡೆದರೆ, ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆನ್ನುತ್ತದೆ. ಹಾಗಿರುವಾಗ ಉಳಿಯುವ ದಾರಿ ಮಂಡಳಿಯೇ ಪ್ರಕರಣವನ್ನು ಒಪ್ಪಿಸುವುದು. ಅಲ್ಲಿ ವೀಟೋ ಕಾದು ಕುಳಿತಿದೆ. 2022ರ ಫೆಬ್ರವರಿಯಲ್ಲಿ, ಶಾಸನಕ್ಕೆ ಸೇರದ ರಷ್ಯದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿದಾಗ ಇದರ ಫಲ ಕಂಡಿತು: ಮರುವರ್ಷ ರಷ್ಯದ ಅಧ್ಯಕ್ಷರ ಮೇಲೆ ನ್ಯಾಯಾಲಯ ಹೊರಡಿಸಿದ ವಾರಂಟು ಮಕ್ಕಳನ್ನು ಅಕ್ರಮವಾಗಿ ಸಾಗಿಸಿದ ಆರೋಪಕ್ಕೇ ಹೊರತು, ಯುದ್ಧವನ್ನೇ ಹೂಡಿದುದಕ್ಕಲ್ಲ. ಆ ಕೊರತೆಯನ್ನು ತುಂಬಲು 2025ರ ಜೂನ್ 25ರಂದು ಸ್ಟ್ರಾಸ್‌ಬರ್ಗಿನಲ್ಲಿ ಉಕ್ರೇನ್ ಮತ್ತು ಯೂರೋಪ್ ಪರಿಷತ್ತು ವಿಶೇಷ ನ್ಯಾಯಮಂಡಳಿಯೊಂದಕ್ಕೆ ಒಪ್ಪಂದ ಮಾಡಿಕೊಂಡುವು. ಅದರ ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ರೋಮ್ ಶಾಸನದ ಸದಸ್ಯರಾಷ್ಟ್ರಗಳು 15 ಬಿಸ್ ವಿಧಿಯನ್ನು ತಿದ್ದುವ ಪ್ರಸ್ತಾವವನ್ನು ಚರ್ಚಿಸಿ, ಒಮ್ಮತಕ್ಕೆ ಬಾರದೆ ಚದುರಿದುವು.

ಭಾರತ ಆ ಸದಸ್ಯರಲ್ಲಿಲ್ಲ. 1998ರಲ್ಲಿ ರೋಮಿನ ಮತದಾನದಲ್ಲಿ ತಟಸ್ಥವಾಗುಳಿದ ನಮ್ಮ ನಿಯೋಗದ ಆಕ್ಷೇಪಗಳಲ್ಲಿ ಭದ್ರತಾ ಮಂಡಳಿಗೆ ನ್ಯಾಯಾಲಯದ ಮೇಲೆ ಹಿಡಿತ ಕೊಟ್ಟುದು ಮುಖ್ಯವಾದುದು. ಆಕ್ರಮಣಾಪರಾಧದ ಮಟ್ಟಿಗೆ ಆ ಹಿಡಿತ ಕಂಪಾಲಾದಲ್ಲಿ ಕೊಂಚ ಸಡಿಲಿತು. ಮಿಕ್ಕುದು ಸಡಿಲದಿರುವುದಕ್ಕೆ, ಹೊರಗೆ ನಿಂತವರ ಪ್ರಜೆಗಳಿಗೆ ಐದನೆಯ ಖಂಡ ಕೊಡುವ ರಕ್ಷೆಯೂ ಒಂದು ಕಾರಣ, ಆ ರಕ್ಷೆಯಲ್ಲಿ ನಾವೂ ಇದ್ದೇವೆ. ಆಕ್ಷೇಪವನ್ನು ಹಾಗೆಯೇ ಹಿಡಿದು ನಿಲ್ಲುವುದಾದರೆ, ಆ ಖಂಡ ಬೇಕೋ ಬೇಡವೋ ಎಂಬುದನ್ನೂ ದೆಹಲಿ ಬಾಯಿಬಿಟ್ಟು ಹೇಳಬೇಕು.