ಕೂದಲು ಕೊಟ್ಟವರಿಗೆ ಇದು ಗೊತ್ತಾ?

ಕಳೆದ ವರ್ಷ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದುವ ಹುಡುಗ ಹುಡುಗಿಯರಿಗೆ ಸಮಕಾಲೀನ ಕಲಾವಿದರನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಶನಿವಾರ, ದಿನಕ್ಕೆ ಎರಡು ಗಂಟೆ. ನಾನು ಕಲಾಶಾಲೆಯಲ್ಲಿ ಕಲಿತವಳಲ್ಲ. ಸಾಹಿತ್ಯದ ಸಂಶೋಧನೆಯ ದಾರಿಯಲ್ಲಿ ಚಿತ್ರಕಲೆಯ ಕಡೆ ಹೊರಳಿದವಳು. ಅದಕ್ಕೇ ಇರಬೇಕು, ತಯಾರಿ ಮಾತ್ರ ಭರ್ಜರಿಯಾಗಿ ಮಾಡಿಕೊಂಡಿದ್ದೆ. ಪ್ರತಿ ಕಲಾವಿದರಿಗೂ ಒಂದು ಸ್ಲೈಡು: ಹೆಸರು, ಹುಟ್ಟಿದ ಊರು, ಓದಿದ ಶಾಲೆ, ಮುಖ್ಯ ಕೃತಿ, ಕೊನೆಗೆ ದಪ್ಪಕ್ಷರದಲ್ಲಿ 'ಕೃತಿಯ ಹಿಂದಿನ ವಿಚಾರ'.

ಮೊದಲ ಶನಿವಾರ ಮುಗಿದಾಗ ಕೆಲವರ ನೋಟ್‌ಬುಕ್ ಇಸಿದುಕೊಂಡು ನೋಡಿದೆ. ಎಲ್ಲರದರಲ್ಲೂ ಒಂದೇ ಸಾಲು: 'ಶೀಲಾ ಗೌಡ – ಸ್ತ್ರೀವಾದ, ಶ್ರಮ, ಹಿಂಸೆ.' ಬರೆದವರ ತಪ್ಪೇನಿಲ್ಲ, ನಾನು ಹೇಳಿದ್ದೇ ಅಷ್ಟು. ಆದರೆ ಆ ಮೂರು ಪದಗಳನ್ನು ಬರೆದುಕೊಂಡ ಮೇಲೆ ಅವರಲ್ಲಿ ಯಾರಿಗೂ ಚಿತ್ರವನ್ನು ಇನ್ನೊಮ್ಮೆ ನೋಡುವ ಕಾರಣ ಉಳಿದಿರಲಿಲ್ಲ. ಉತ್ತರ ಸಿಕ್ಕ ಮೇಲೆ ಪ್ರಶ್ನೆಪತ್ರಿಕೆಯನ್ನು ಯಾರು ಓದುತ್ತಾರೆ?

ಈ ರೋಗ ನನ್ನೊಬ್ಬಳದಲ್ಲ ಅನ್ನಿಸುತ್ತದೆ. ಕವಿಪರಿಚಯ, ಕಾವ್ಯದ ಆಶಯ, ಸಾರಾಂಶ ಎಂಬ ಮೂರು ಮೆಟ್ಟಿಲು ಹತ್ತಿ ಬಂದವರು ನಾವು. ಕಲೆಗೂ ಅದೇ ಏಣಿ ಹಾಕುತ್ತೇವೆ. ಗ್ಯಾಲರಿಗಳ ಗೋಡೆಯ ಮೇಲಿನ ಇಂಗ್ಲಿಷ್ ಟಿಪ್ಪಣಿಯನ್ನು ಕನ್ನಡಕ್ಕೆ ತಂದು ಅದನ್ನೇ ಕಲಾವಿಮರ್ಶೆ ಎಂದುಕೊಳ್ಳುವುದೂ ಉಂಟು. 'ಅಸ್ಮಿತೆ', 'ದೇಹರಾಜಕಾರಣ', 'ಜಾಗತೀಕರಣ' ಎಂಬ ಪದಗಳು ಸಾಲಾಗಿ ಬಂದು ಕೂರುತ್ತವೆ, ಕೃತಿ ಬಾಗಿಲಾಚೆ ನಿಂತಿರುತ್ತದೆ. 'ಕೃತಿಯ ಹಿಂದಿನ ವಿಚಾರ' ಎಂಬ ಮಾತಿನಲ್ಲೇ ಎಡವಟ್ಟಿದೆ. ವಿಚಾರ ಎಲ್ಲೋ ಪರದೆಯ ಹಿಂದಿದೆ, ಮೇಷ್ಟ್ರು ಪರದೆ ಸರಿಸಿ ತೋರಿಸುತ್ತಾರೆ ಎಂಬ ಹಾಗೆ.

ಎರಡನೆಯ ಶನಿವಾರ ಸ್ಲೈಡುಗಳನ್ನು ಕೈಬಿಟ್ಟೆ. ಶೀಲಾ ಗೌಡರ 'ಬಿಹೋಲ್ಡ್' ಕೃತಿಯ ಒಂದು ಛಾಯಾಚಿತ್ರವನ್ನಷ್ಟೇ ಗೋಡೆಗೆ ಹಾಕಿ, ಏನು ಕಾಣುತ್ತಿದೆ ಹೇಳಿ ಅಂದೆ. ಹಗ್ಗ, ಬಳ್ಳಿ, ಹಾವು ಎಂದರು. ಹೊಳೆಯುವುದು ಕಾರಿನ ಬಂಪರ್ ಎಂದು ಒಬ್ಬ ಗುರುತಿಸಿದ. ಅದು ಕೂದಲು ಎಂದು ಹೇಳಿದೊಡನೆ ತರಗತಿಯ ಚಹರೆಯೇ ಬದಲಾಯಿತು. ಕೆಲವರು ಮುಖ ಕಿವಿಚಿದರು. ಆಮೇಲೆ ಮಾತು ಶುರುವಾಯಿತು. ಒಬ್ಬಳ ಅಜ್ಜಿ ತಲೆ ಬಾಚಿದ ಮೇಲೆ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರಂತೆ, 'ಕೂದ್ಲಿಗೆ ಪಾತ್ರೆ' ಎಂದು ಕೂಗುತ್ತ ಬರುವವನಿಗೆ ಕೊಟ್ಟು ಸ್ಟೀಲ್ ಲೋಟ ತೆಗೆದುಕೊಳ್ಳುತ್ತಾರಂತೆ. ಇನ್ನೊಬ್ಬನ ಅಪ್ಪ ಲಾರಿ ಡ್ರೈವರ್. ಗಾಡಿಗೆ ದೃಷ್ಟಿ ತಾಗದಿರಲೆಂದು ಕರೀ ಕೂದಲಿನ ಹಗ್ಗ ಕಟ್ಟುತ್ತಾರೆ, ಅದು ಎಲ್ಲಿ ಸಿಗುತ್ತದೆಂದೂ ಅವನಿಗೆ ಗೊತ್ತಿತ್ತು. ಇನ್ನೊಬ್ಬಳು ಹರಕೆಯ ಮುಡಿ ಕೊಟ್ಟು ಬಂದು ಎರಡು ತಿಂಗಳಾಗಿತ್ತಷ್ಟೆ. ತಲೆಗೆ ಸುತ್ತಿದ್ದ ವೇಲನ್ನು ಮುಟ್ಟಿ ನೋಡಿಕೊಂಡಳು.

ಇಷ್ಟಾದ ಮೇಲೆ ನನ್ನ ಮಾಹಿತಿಗೆ ಕೂರಲು ಜಾಗ ಸಿಕ್ಕಿತು. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದವರು. ಚಿತ್ರ ಬರೆಯುತ್ತಿದ್ದವರು ತೊಂಬತ್ತರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮುಹಿಂಸೆ ಹೊತ್ತಿದ ದಿನಗಳಲ್ಲಿ, ಸಗಣಿಯನ್ನು ಕೈಗೆತ್ತಿಕೊಂಡರು. 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಕೃತಿಯಲ್ಲಿ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಆ ದಾರಗಳನ್ನು ಕುಂಕುಮದಿಂದ ಕೆಂಪಗೆ ಮಾಡಿ ಹಗ್ಗವಾಗಿ ಕೂಡಿಸಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. 'ಬಿಹೋಲ್ಡ್' 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡದ್ದು. ಸುಮಾರು 4,000 ಮೀಟರ್ ಕೂದಲ ಹಗ್ಗ, 20 ಬಂಪರ್‌ಗಳು. ಉಕ್ಕಿನ ಭಾರವನ್ನು ಕೂದಲು ಹೊತ್ತು ತೂಗಿಸಿದೆ. ಉದ್ದ ಕೂದಲು ವಿಗ್ ವ್ಯಾಪಾರಕ್ಕೆ ಹೋದರೆ ಗಿಡ್ಡ ಕೂದಲು ಇಂಥ ದೃಷ್ಟಿಹಗ್ಗವಾಗುತ್ತದೆ.

ಸ್ತ್ರೀವಾದ, ಶ್ರಮ, ಹಿಂಸೆ ಎಂಬ ಮೂರು ಪದಗಳನ್ನು ಆವತ್ತು ನಾನು ಹೇಳಲೇ ಇಲ್ಲ. ಆದರೆ ಉದುರಿದ ಕೂದಲಿಗೆ ಅಜ್ಜಿಗೆ ಸಿಕ್ಕ ಲೋಟ, ಹರಕೆಯ ಮುಡಿ, ಅಪ್ಪನ ಲಾರಿಯ ಭಯ ಎಲ್ಲವೂ ಆ ಹಗ್ಗದಲ್ಲಿ ಹೊಸೆದುಕೊಂಡಿವೆ ಎಂಬುದು ಅವರಿಗೆ ಕಾಣುತ್ತಿತ್ತು. ವಿಚಾರ ಕೃತಿಯ ಹಿಂದಿರಲಿಲ್ಲ, ಕೂದಲಿನಲ್ಲೇ ಇತ್ತು.

ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮುಡಿ ಕೊಟ್ಟ ಹುಡುಗಿ ಕೇಳಿದಳು: 'ಮೇಡಂ, ಕೂದಲು ಕೊಟ್ಟವರಿಗೆ ಇದು ಗೊತ್ತಾ?'

ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ದಿನಗಟ್ಟಲೆ ಈ ಪ್ರಶ್ನೆಯ ಜೊತೆ ಗುದ್ದಾಡಿದ್ದೇನೆ. ಕೃತಿಯ ಪರವಾಗಿ ಹೀಗೆ ವಾದಿಸಬಹುದು: ಯಾರದೆಂದು ಗೊತ್ತಿಲ್ಲದ ಕೂದಲು ದೇವಸ್ಥಾನದಿಂದ ಹೊರಟು ಮಾರುಕಟ್ಟೆಗೆ ಬೀಳುವುದು ಕಲಾವಿದೆ ಮಾಡಿದ್ದಲ್ಲ. ಅದು ಮೊದಲೇ ನಡೆಯುತ್ತಿರುವ ವ್ಯವಹಾರ. ಸಾವಿರಾರು ತಲೆಗಳು ಒಂದೇ ಹಗ್ಗವಾಗಿ ಹೆಸರು ಕಳೆದುಕೊಳ್ಳುವುದನ್ನು ಕೃತಿ ನಮ್ಮ ಕಣ್ಣೆದುರು ಗುಡ್ಡೆ ಹಾಕುತ್ತದೆ. ಹೆಸರಿಲ್ಲದಿರುವುದೇ ಅದರ ವಸ್ತು. ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಹುಡುಗಿಯ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ. ಈ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಇಲ್ಲಿನ ಕೂದಲು ಅಲ್ಲಿಗೆ ತಲುಪಿತು, ಕೂದಲಿನವರಿಗೆ ಸಿಕ್ಕಿದ್ದು ಪ್ರೊಜೆಕ್ಟರಿನ ಮಸುಕು ಬೆಳಕಿನಲ್ಲಿ ಒಂದು ಛಾಯಾಚಿತ್ರ. ಅದರಲ್ಲಿ ಕೂದಲಿನ ವಾಸನೆಯಿಲ್ಲ, ಭಾರವಿಲ್ಲ, ಸುತ್ತ ನಡೆದಾಡುವ ಜಾಗವಿಲ್ಲ. ಪ್ರತಿಷ್ಠಾಪನಾ ಕಲೆಯನ್ನು ಫೋಟೊದಲ್ಲಿ ಕಲಿಸುವುದೆಂದರೆ ಊಟವನ್ನು ಮೆನು ಕಾರ್ಡಿನಲ್ಲಿ ಬಡಿಸಿದ ಹಾಗೆ. ಇದು ಕಲಾವಿದೆಯ ಮೇಲಿನ ದೂರಲ್ಲ. ತಾಲ್ಲೂಕಿನಲ್ಲಿ ಕೂತು ಸಮಕಾಲೀನ ಕಲೆ ಕಲಿಸುವವರು ಮರೆಯಬಾರದ ಕೊರತೆ.

ಮೂರನೆಯ ಶನಿವಾರ ಎನ್.ಎಸ್. ಹರ್ಷ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲೇ ಇದ್ದುಕೊಂಡು ಕೆಲಸ ಮಾಡುವವರು. 2008ರಲ್ಲಿ ಆರ್ಟೆಸ್ ಮುಂಡಿ ಪ್ರಶಸ್ತಿ ಪಡೆದವರು. ಅವರ 'ವಿ ಕಮ್, ವಿ ಈಟ್, ವಿ ಸ್ಲೀಪ್' (1999–2001) ಮೂರು ಭಾಗಗಳ ದೊಡ್ಡ ಚಿತ್ರ. ಸಾಲುಸಾಲು ಜನ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ದೂರದಿಂದ ಸೀರೆಯ ವಿನ್ಯಾಸದಂತೆ ಕಾಣುವುದು ಹತ್ತಿರ ಹೋದರೆ ಒಬ್ಬೊಬ್ಬರೇ ಮನುಷ್ಯರಾಗುತ್ತದೆ. ಹುಡುಗರು ಖುಷಿಯಿಂದ ಹುಡುಕತೊಡಗಿದರು. ಇವನು ನಮ್ಮ ಮಾವನ ಹಾಗಿದ್ದಾನೆ, ಇವಳು ನಮ್ಮ ಟೀಚರ್ ಹಾಗಿದ್ದಾಳೆ ಎಂದು. ಅದುವರೆಗೆ ನಾನು ಈ ಚಿತ್ರವನ್ನು ಮನುಷ್ಯಜೀವನದ ನವಿರು ಹಾಸ್ಯವೆಂದೇ ಓದಿಕೊಂಡಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, 'ನಮ್ಮೂರಲ್ಲಿ ಎಲ್ಲರೂ ಒಂದೇ ಪಂಕ್ತೀಲಿ ಕೂರಲ್ಲ' ಅಂದ. ತರಗತಿ ಸುಮ್ಮನಾಯಿತು. ಯಾರು ಯಾವ ಪಂಕ್ತಿಯವರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಪಾಠ ಮಾಡುವವರಿಗೆ ಎರಡು ಸುಲಭದ ದಾರಿಗಳಿವೆ. 'ಅದು ಚಿತ್ರಕ್ಕೆ ಸಂಬಂಧವಿಲ್ಲ, ಕೂತ್ಕೊ' ಎನ್ನಬಹುದು. ಅಥವಾ 'ಹೌದು, ಈ ಚಿತ್ರ ಜಾತಿಯ ಬಗ್ಗೆಯೇ ಇದೆ' ಎಂದು ಹುಡುಗನ ಮಾತನ್ನೇ ಹೊಸ ಉತ್ತರ ಮಾಡಿ ನೋಟ್ಸ್ ಕೊಡಬಹುದು. ಎರಡೂ ಮೋಸ. ನೋಡುವವರ ಅನುಭವ ಕೃತಿಗೆ ಬಾಗಿಲಾಗಬಹುದು, ಅದೇ ಕೃತಿಯಾಗುವುದಿಲ್ಲ. ಹಾಗಾಗಿ ಮತ್ತೆ ಚಿತ್ರಕ್ಕೇ ಮರಳಿದೆವು. ಸಾಲಿನಲ್ಲಿ ಯಾರಾದರೂ ದೊಡ್ಡವರಾಗಿ ಕಾಣುತ್ತಾರಾ? ಇಲ್ಲ. ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಅಳತೆ, ಒಂದೇ ಅಂತರ. ಹಾಗಾದರೆ ಚಿತ್ರ ಊರಿನಲ್ಲಿಲ್ಲದ ಸಮಾನತೆಯನ್ನು ಕೊಟ್ಟಿದೆ. ಅದು ಕಲಾವಿದನ ಕನಸೋ, ಕಾಣದೆ ಹೋದ ಸಂಗತಿಯೋ? ಹುಡುಗ 'ಕನಸಾದ್ರೆ ಚೆನ್ನಾಗಿದೆ' ಅಂದ. ಅವನ ಪಕ್ಕದವನು ಒಪ್ಪಲಿಲ್ಲ. ನಾನಿನ್ನೂ ತೀರ್ಮಾನಿಸಿಲ್ಲ. ಆದರೆ ಹರ್ಷರ ಚಿತ್ರದ ಸಾಲುಗಳನ್ನು ಮೊದಲಿನಷ್ಟು ಹಗುರವಾಗಿ ನೋಡಲು ಈಗ ನನ್ನಿಂದ ಆಗುವುದಿಲ್ಲ.

ಮೊದಲು ನೋಡಿಸು, ಮಾಹಿತಿ ಆಮೇಲೆ. ಇದೇ ಸರಿಯಾದ ಸೂತ್ರ ಎಂದುಕೊಂಡು ನಾಲ್ಕನೆಯ ಶನಿವಾರ ಪುಷ್ಪಮಾಲಾ ಎನ್. ಅವರ ಕೃತಿಗಳ ಮುಂದೆ ನಿಂತಾಗ ಸೂತ್ರ ಕೈಕೊಟ್ಟಿತು. ಶಿಲ್ಪಕಲೆ ಓದಿ ಛಾಯಾಚಿತ್ರಕ್ಕೆ ಬಂದ ಬೆಂಗಳೂರಿನ ಕಲಾವಿದೆ ಅವರು. ಕ್ಲೇರ್ ಆರ್ನಿ ಜೊತೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' (2000–2004) ಸರಣಿಯಲ್ಲಿ ಹಳೆಯ ಚಿತ್ರಗಳ ಹೆಂಗಸರ ವೇಷವನ್ನು ತಾವೇ ಹಾಕಿ ಕ್ಯಾಮೆರಾ ಎದುರು ನಿಲ್ಲುತ್ತಾರೆ. ರವಿವರ್ಮನ ಲಕ್ಷ್ಮಿಯಾದಾಗ ಎಲ್ಲರೂ ನಕ್ಕರು. ಕ್ಯಾಲೆಂಡರಿನ ಲಕ್ಷ್ಮಿ ಯಾರ ಮನೆಯಲ್ಲಿಲ್ಲ? ಆದರೆ ಚೌಕಳಿ ಪರದೆಯ ಮುಂದೆ ನಿಂತ ತೊದ ಹೆಂಗಸಿನ ವೇಷದ ಚಿತ್ರ ಬಂದಾಗ ಯಾರೂ ನಗಲಿಲ್ಲ, ಯಾರಿಗೂ ಏನೂ ತಿಳಿಯಲೂ ಇಲ್ಲ. ಹತ್ತು ನಿಮಿಷ ದಿಟ್ಟಿಸಿದರೂ ಆ ಪರದೆ ಬಾಯಿ ಬಿಡುವಂಥದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಸಾಹತುಶಾಹಿ ವಿದ್ವಾಂಸರು ಮನುಷ್ಯರನ್ನು ಚೌಕಗಳ ಮುಂದೆ ನಿಲ್ಲಿಸಿ ದೇಹ ಅಳೆದು, ಜನಾಂಗಗಳೆಂದು ವಿಂಗಡಿಸುತ್ತಿದ್ದರು ಎಂಬುದನ್ನು ನಾನು ಹೇಳಲೇಬೇಕಾಯಿತು. ಹೇಳಿದ ಮೇಲೆ ಒಬ್ಬಳು, 'ಆಧಾರ್ ಫೋಟೊ ತೆಗೆಯುವಾಗ ನಮ್ಮಜ್ಜಿಯನ್ನ ಹೀಗೇ ಕೂರಿಸಿದ್ರು, ತಲೆ ಮೇಲಿನ ಸೆರಗು ತೆಗೆಸಿದ್ರು' ಅಂದಳು. ನಗು ಎಲ್ಲಿ ನಿಲ್ಲುತ್ತದೆ ಎಂಬುದೇ ಈ ಸರಣಿಯ ಶಕ್ತಿ ಎಂದು ನನಗೆ ಹೊಳೆದದ್ದು ಆಗ. ಕಲಾವಿದೆ ವೇಷ ಕಳಚಿ ಮನೆಗೆ ಹೋಗಬಲ್ಲರು, ಹಳೆಯ ಚಿತ್ರದ ಹೆಂಗಸಿಗೆ ಕಳಚಲು ವೇಷವೇ ಇರಲಿಲ್ಲ. ಈ ವ್ಯತ್ಯಾಸ ನಮಗೆ ಚುಚ್ಚುವುದು ಆ ಚರಿತ್ರೆ ಗೊತ್ತಿದ್ದರೆ ಮಾತ್ರ.

ಅಂದರೆ ಎಲ್ಲ ಕೃತಿಗೂ ಒಂದೇ ಬೀಗದಕೈ ಇಲ್ಲ. ಕೆಲವು ಕೃತಿಗಳಿಗೆ ನಮ್ಮ ಮೈಯ ನೆನಪು ಸಾಕು, ಕೆಲವಕ್ಕೆ ಪುಸ್ತಕದ ತಿಳಿವಳಿಕೆ ಬೇಕು. ಯಾವುದಕ್ಕೆ ಯಾವುದು, ಯಾವಾಗ ಎಂದು ಗುರುತಿಸುವುದೇ ಕಲಿಸುವವರ ಕೆಲಸ. ವಿಮರ್ಶಕರ ಕೆಲಸವೂ ಅದಕ್ಕಿಂತ ತುಂಬ ಬೇರೆಯಲ್ಲ.

ಕನ್ನಡದಲ್ಲಿ ಕಲೆಯ ಬರವಣಿಗೆ ಇಲ್ಲವೆಂದಲ್ಲ. ರವಿಕುಮಾರ್ ಕಾಶಿ, ಎಚ್.ಎ. ಅನಿಲ್ ಕುಮಾರ್ ಅಂಥವರು ಬರೆಯುತ್ತ ಬಂದಿದ್ದಾರೆ. ಆದರೆ ಭದ್ರಾವತಿಯಲ್ಲಿ, ಮೈಸೂರಿನಲ್ಲಿ ಹುಟ್ಟಿದ ಕಲಾವಿದರು ನಮ್ಮ ವಿದ್ಯಾರ್ಥಿಗಳನ್ನು ತಲುಪುವುದು ಈಗಲೂ ಹೆಚ್ಚಾಗಿ ಇಂಗ್ಲಿಷ್ ಕ್ಯಾಟಲಾಗುಗಳ ಸುತ್ತುದಾರಿಯಲ್ಲೇ. ಆ ಭಾಷೆಯ ಪರಿಕಲ್ಪನೆಗಳಿಗೆ ಸಂಸ್ಕೃತದ ಪದ ಹುಡುಕುವುದರಲ್ಲಿ ನಮ್ಮ ಅರ್ಧ ಶಕ್ತಿ ವ್ಯಯವಾಗುತ್ತಿದೆ. ಮುಡಿ, ಹರಕೆ, ದೃಷ್ಟಿ, ಪಂಕ್ತಿ, ಸಾರಿಸುವುದು, ಹೊಸೆಯುವುದು ಎಂಬ ಮಾತುಗಳು ಕೈಯಲ್ಲಿದ್ದೂ ಅವುಗಳಿಂದ ಯೋಚಿಸುವುದನ್ನು ನಾವಿನ್ನೂ ರೂಢಿ ಮಾಡಿಕೊಂಡಿಲ್ಲ. ನನ್ನ ಪ್ರಬಂಧದ ಅಧ್ಯಾಯಗಳೂ ಇದಕ್ಕೆ ಹೊರತಲ್ಲ.

ಈ ವರ್ಷ ಮತ್ತೆ ನಾಲ್ಕು ಶನಿವಾರ ಸಿಕ್ಕಿವೆ. ಸ್ಲೈಡುಗಳನ್ನು ತಿದ್ದುತ್ತಿದ್ದೇನೆ. 'ಕೃತಿಯ ಹಿಂದಿನ ವಿಚಾರ' ಎಂಬ ಸಾಲನ್ನು ಅಳಿಸಿದ್ದೇನೆ. 'ಬಿಹೋಲ್ಡ್' ಚಿತ್ರದ ಕೆಳಗೆ ಆ ಹುಡುಗಿಯ ಪ್ರಶ್ನೆಯನ್ನೇ ಹಾಕೋಣ ಎಂದು ಟೈಪಿಸಿ, ಆಮೇಲೆ ಅದನ್ನೂ ಅಳಿಸಿದೆ. ಅಲ್ಲೇ ಬಿಟ್ಟರೆ ಈ ಸಲದ ಹುಡುಗರು ಅದನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡುಬಿಡುತ್ತಾರೆ.